ಕಾಲು ನೆಲಕ್ಕೆ ಸಿಗಬೇಕು

ನಮ್ಮ ಮನೆಯ ಹಿತ್ತಿಲ ಬಾಗಿಲ ಪಕ್ಕ ಒಂದು ಮೊಳೆಗೆ 15 ನಂಬರಿನ ಸ್ಪ್ಯಾನರ್ ನೇತುಹಾಕಿದ್ದೇನೆ. ಮನೆಗೆ ಬಂದವರು ಅದನ್ನು ನೋಡಿ, "ಇದೇನು ಟೀಚರ್, ನಿಮಗೂ ಇದಕ್ಕೂ ಏನು ನಂಟು?" ಅಂತ ಕೇಳುತ್ತಾರೆ. ನಂಟು ದೊಡ್ಡದು. ಹೇಳುತ್ತಾ ಕೂತರೆ ಎರಡು ಸಲ ಕಾಫಿ ಆಗಬೇಕು. ನಾನು ಸೈಕಲ್ ಕಲಿತದ್ದು 52ನೇ ವಯಸ್ಸಿನಲ್ಲಿ, ಅದೂ ಈ ಸ್ಪ್ಯಾನರಿನ ದೆಸೆಯಿಂದ.

ಬಿದ್ದ ಕತೆ ಮೊದಲು ಹೇಳಿಬಿಡುತ್ತೇನೆ. 1980ನೇ ಇಸವಿ, ನನಗೆ ಹತ್ತು ವರ್ಷ. ನಮ್ಮದು ಕೆರೆ ಏರಿಯನ್ನು ದಾಟಿಯೇ ಒಳಗೆ ಬರಬೇಕಾದ ಸಣ್ಣ ಊರು. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸೈಕಲ್ ಶಾಪು. ಅಲ್ಲಿ ಗಂಟೆಗೆ 50 ಪೈಸೆ ಬಾಡಿಗೆ. ಹಿಂದಿನ ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ಸೈಕಲ್ಲಿನ ನಂಬರು, ಕೈಬರಹದ ಪುಸ್ತಕದಲ್ಲಿ ತೊಗೊಂಡವರ ಹೆಸರು, ಹೊತ್ತು. ಭಾನುವಾರ ಬಂತೆಂದರೆ ಊರ ಹುಡುಗರೆಲ್ಲ ಅಲ್ಲಿ. ಪುಟ್ಟ ಸೈಕಲ್ ಇದ್ದದ್ದು ಒಂದೇ. ಅದು ಬೆಳಿಗ್ಗೆ ಆರಕ್ಕೇ ಯಾರದೋ ಪಾಲು. ಉಳಿದವೆಲ್ಲ 22 ಇಂಚಿನ, ಹಾಲು ಹಾಕುವವರು, ಸಂತೆಗೆ ತೆಂಗಿನಕಾಯಿ ಸಾಗಿಸುವವರು ತುಳಿಯುವಂಥ ದೊಡ್ಡ ಕಪ್ಪು ಸೈಕಲ್‌ಗಳು. ಗಂಡುಹುಡುಗರು ಬಾರಿನ ಕೆಳಗೆ ಒಂದು ಕಾಲು ತೂರಿಸಿ, ಮೈಯನ್ನು ಅಷ್ಟಾವಕ್ರ ಮಾಡಿಕೊಂಡು ಒಳಪೆಡಲು ಹೊಡೆಯುತ್ತಿದ್ದರು. ಲಂಗ ಉಟ್ಟ ನನಗೆ ಅದು ಆಗುವ ಹಾಗಿರಲಿಲ್ಲ. ದೊಡ್ಡಮ್ಮನ ಮಗ, ನನಗಿಂತ ನಾಲ್ಕು ವರ್ಷ ದೊಡ್ಡವನು, ನನ್ನನ್ನು ಎತ್ತಿ ಸೀಟಿನ ಮೇಲೆಯೇ ಕೂರಿಸಿದ. "ನಾನು ಕ್ಯಾರಿಯರ್ ಹಿಡ್ಕೊಂಡಿರ್ತೀನಿ, ನೀನು ಮುಂದೆ ನೋಡ್ತಾ ತುಳಿ" ಅಂದ.

ಪೆಡಲು ಕೆಳಕ್ಕೆ ಹೋದಾಗ ನನ್ನ ಕಾಲಿಗೆ ಸಿಗುತ್ತಿರಲಿಲ್ಲ. ಮೇಲಕ್ಕೆ ಬಂದಾಗ ಒದ್ದು ಬಿಡುವುದು, ಮತ್ತೆ ಅದು ಬರುವ ತನಕ ಕಾಯುವುದು, ಹಾಗೆ ತುಳಿಯುತ್ತಾ ಹೋದೆ. ಸ್ವಲ್ಪ ಹೊತ್ತಿಗೆ ಅವನ ಕೂಗು ತೀರಾ ದೂರದಿಂದ ಕೇಳಿಸಿತು. ತಿರುಗಿ ನೋಡಿದರೆ ಏರಿಯ ಆ ತುದಿಯಲ್ಲಿ ಚಪ್ಪಾಳೆ ತಟ್ಟುತ್ತಾ ನಿಂತಿದ್ದ. ಆಯ ತಪ್ಪಿತು. ಕಾಲು ನೆಲ ಹುಡುಕಿತು, ಸಿಗಲಿಲ್ಲ. ಏರಿಯ ಇಳಿಜಾರಿನಲ್ಲಿ ಸೈಕಲ್ಲೂ ನಾನೂ ಉರುಳಿ, ಎಡ ಮುಂಗೈ ಮೂಳೆ ಮುರಿಯಿತು. ನಾಟಿ ವೈದ್ಯರು ಬಿದಿರ ದಬ್ಬೆ ಇಟ್ಟು, ಮೊಟ್ಟೆಯ ಬಿಳಿ ಲೋಳೆ ಸವರಿದ ಬಟ್ಟೆ ಸುತ್ತಿ ಕಟ್ಟು ಹಾಕಿದರು. ಒಂದೂವರೆ ತಿಂಗಳಿಗೆ ಕೈ ಸರಿಹೋಯಿತು.

ಕೈ ಮುರಿದ ನೋವು ನನಗೆ ಈಗ ನೆನಪಿಲ್ಲ. ನೆನಪಿರುವುದು ಅದಕ್ಕೂ ಮುಂಚಿನ ಒಂದು ಕ್ಷಣ ಮಾತ್ರ. ಕಾಲು ನೆಲ ಹುಡುಕಿ, ನೆಲ ಸಿಗದೆ ಹೋದ ಕ್ಷಣ. ಎಷ್ಟೋ ವರ್ಷ ಅದು ಕನಸಿನಲ್ಲಿ ಬರುತ್ತಿತ್ತು. ಎದ್ದು ಕೂತು, ಎರಡೂ ಪಾದ ನೆಲಕ್ಕೆ ಊರಿ, ತಣ್ಣಗಿನ ನೆಲ ತಾಗಿದ ಮೇಲೆಯೇ ಉಸಿರು ಸರಿಹೋಗುತ್ತಿದ್ದದ್ದು.

ಆಯ ಅಂದೆನಲ್ಲ, ಎಂಥ ಒಳ್ಳೆಯ ಮಾತು ನೋಡಿ. ಬ್ಯಾಲೆನ್ಸ್ ಅನ್ನುವುದು ನಮಗೆ ಸೈಕಲ್ಲಿನ ಜೊತೆಯಲ್ಲೇ ಬಂದ ಮಾತಿರಬೇಕು. ಆದರೆ ಅದು ತಪ್ಪುವುದಕ್ಕೆ ಕನ್ನಡದಲ್ಲಿ ಒಂದಲ್ಲ, ಮೂರು ಮಾತಿವೆ. ನಮ್ಮ ಕಡೆ ಆಯ ತಪ್ಪುತ್ತದೆ, ಜೋಲಿಯೂ ತಪ್ಪುತ್ತದೆ. ನಮ್ಮ ಶಾಲೆಗೆ ಧಾರವಾಡದ ಕಡೆಯಿಂದ ವರ್ಗವಾಗಿ ಬಂದಿದ್ದ ಗಣಿತದ ಮೇಡಂ ತೋಲ ತಪ್ಪಿತು ಅನ್ನುತ್ತಿದ್ದರು. ಮೂರಕ್ಕೂ 'ತಪ್ಪು' ಅನ್ನುವುದೇ ಕ್ರಿಯೆ. ಆಯ ಇದ್ದಾಗ ಯಾರೂ ಅದರ ಹೆಸರೆತ್ತುವುದಿಲ್ಲ, ತಪ್ಪಿದಾಗಲೇ ಅದರ ಸುದ್ದಿ. ಆರೋಗ್ಯದ ಹಾಗೆ.

ಬಿದ್ದ ಮೇಲೆ ಮನೆಯಲ್ಲಿ ಯಾರೂ ಬಯ್ಯಲಿಲ್ಲ. ಧೈರ್ಯ ಹೇಳಿದರು, ಅದೇ ಕಷ್ಟವಾಯಿತು. "ಬಿದ್ರೇನಾಯ್ತು, ಬೀಳದೆ ಯಾರು ಕಲಿತಿದ್ದಾರೆ, ಹೆದರಬೇಡ, ಹತ್ತು." ಅಪ್ಪ ಹೇಳಿದರು, ಸೋದರಮಾವ ಹೇಳಿದರು, ಸೈಕಲ್ ಶಾಪಿನವರೂ ಹೇಳಿದರು. ಎಲ್ಲರದೂ ಪ್ರೀತಿಯ ಮಾತೇ. ಆದರೆ ಹೆದರಿದ ಮಗುವಿಗೆ ಹೆದರಬೇಡ ಅನ್ನುವುದು, ಜ್ವರ ಬಂದ ಮಗುವಿಗೆ ಮೈ ಬಿಸಿ ಮಾಡಿಕೊಳ್ಳಬೇಡ ಅಂದ ಹಾಗೆ. ಅದು ಮಗುವಿನ ಕೈಯಲ್ಲಿಲ್ಲ. ನಾನು ಹತ್ತಲಿಲ್ಲ. ಕಾಲೇಜಿಗೆ ನಡೆದೆ. ಕೆಲಸ ಸಿಕ್ಕ ಮೇಲೆ ಬಸ್ಸಿಗೆ ಕಾದೆ. ಸೈಕಲ್ ಬಾರದವರಿಗೆ ಸ್ಕೂಟರೂ ಬಾರದು, ಹಾಗಾಗಿ ಬದುಕಿನ ಎಷ್ಟೋ ಗಂಟೆಗಳನ್ನು ಬಸ್ ಸ್ಟಾಪಿನ ಆಲದ ಮರದ ಕೆಳಗೆ ಕಳೆದೆ.

ಈ ಮಾತು ಹೇಳುವಾಗ ನನಗೆ ಒಬ್ಬ ಹುಡುಗಿಯ ನೆನಪಾಗುತ್ತದೆ. 2006-07ರಲ್ಲಿ ನಮ್ಮ ರಾಜ್ಯ ಸರ್ಕಾರ ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡಲು ಶುರುಮಾಡಿತು. ಆಮೇಲೆ ಗಂಡುಮಕ್ಕಳಿಗೂ ಬಂತು. ನಾನಾಗ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಸುತ್ತಲ ನಾಲ್ಕಾರು ಊರುಗಳಿಂದ ಮಕ್ಕಳು ನಡೆದು ಬರುತ್ತಿದ್ದರು. ಏಳನೇ ಕ್ಲಾಸಿನ ತನಕ ಊರಲ್ಲೇ ಓದಿದ ಹುಡುಗಿ ಎಂಟಕ್ಕೆ ಮೂರು ಮೈಲಿ ನಡೆಯಬೇಕೆಂದರೆ ಎಷ್ಟೋ ಮನೆಗಳಲ್ಲಿ ಅಲ್ಲಿಗೇ ಓದು ಮುಗಿಯುತ್ತಿತ್ತು. ಸೈಕಲ್ ಬಂದ ದಿನ ಶಾಲೆಯ ಮುಂದೆ ಜಾತ್ರೆ. ಚಕ್ರಕ್ಕೆ ಸುತ್ತಿದ ಕಾಗದ ಬಿಚ್ಚುವ ಸದ್ದು, ಒಂದೇ ಸಮನೆ ಬೆಲ್ಲು. ಅಷ್ಟು ನಗು ಆ ಅಂಗಳದಲ್ಲಿ ನಾನು ಬೇರೆ ಯಾವತ್ತೂ ಕೇಳಿಲ್ಲ.

ಒಬ್ಬ ಹುಡುಗಿ ಮಾತ್ರ ಸೈಕಲ್ಲನ್ನು ತಳ್ಳಿಕೊಂಡು ಹೋದಳು. ಮರುದಿನವೂ ತಳ್ಳಿಕೊಂಡೇ ಬಂದಳು. ವಾರ ಕಳೆಯಿತು, ತಿಂಗಳಾಯಿತು. ದಿನಾ ಮೂರು ಮೈಲಿ ತಳ್ಳಿಕೊಂಡು ಬಂದು, ಮರದ ಕೆಳಗೆ ಸ್ಟ್ಯಾಂಡ್ ಹಾಕಿ, ಸೀಟಿನ ಧೂಳು ಒರೆಸಿ ಒಳಗೆ ಬರುತ್ತಿದ್ದಳು. ಚೀಲ ಕ್ಯಾರಿಯರಿನಲ್ಲಿ, ಅವಳು ಪಕ್ಕದಲ್ಲಿ. ಒಂದು ದಿನ ಕರೆದು ಕೇಳಿದೆ. "ಭಯ ಆಗ್ತದೆ ಮಿಸ್" ಅಂದಳು. ನಾನು ಏನು ಹೇಳಿದೆ ಗೊತ್ತೇ? "ಹೆದರಬಾರದು ಕಣಮ್ಮ, ಎಲ್ಲರೂ ಹತ್ತಲ್ವಾ, ನೀನೂ ಹತ್ತು." ನನಗೆ ಯಾವ ಮಾತಿನಿಂದ ಏನೂ ಉಪಯೋಗವಾಗಿರಲಿಲ್ಲವೋ ಅದೇ ಮಾತು ನನ್ನ ಬಾಯಿಂದ ಬಂತು. ಅವಳು ತಲೆಯಾಡಿಸಿ ಹೋದಳು. ಮುಂದಿನ ವರ್ಷ ನನಗೆ ವರ್ಗವಾಯಿತು. ಅವಳು ಆಮೇಲೆ ಹತ್ತಿದಳೋ ಇಲ್ಲವೋ ತಿಳಿಯಲಿಲ್ಲ. ಇವತ್ತಿಗೂ ಮನಸ್ಸಿಗೆ ಬಾಧೆ ಕೊಡುವ ವಿಷಯ ಅದು.

ಪಕ್ಕದ ತಮಿಳುನಾಡಿನಲ್ಲಿ ಇದಕ್ಕೂ ಹದಿನೈದು ವರ್ಷ ಮೊದಲೇ ಒಂದು ದೊಡ್ಡ ಕೆಲಸ ನಡೆದಿತ್ತು. ಪುದುಕ್ಕೋಟೈ ಜಿಲ್ಲೆಯಲ್ಲಿ 1991ರಲ್ಲಿ ಅರಿವೊಳಿ ಇಯಕ್ಕಂ ಅನ್ನುವ ಸಾಕ್ಷರತಾ ಆಂದೋಲನ ಶುರುವಾದಾಗ, ಆಗಿನ ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್ ಅವರ ಒತ್ತಾಸೆಯಿಂದ ಅಕ್ಷರದ ಜೊತೆಗೆ ಸೈಕಲ್ಲನ್ನೂ ಕಲಿಸಿದರು. ಕಲ್ಲುಕ್ವಾರಿಯಲ್ಲಿ ದುಡಿಯುವವರು, ಕೂಲಿಗೆ ಹೋಗುವವರು, ಅಂಗನವಾಡಿಯವರು, ನರ್ಸುಗಳು, ಹೀಗೆ ಲಕ್ಷಕ್ಕೂ ಮೀರಿ ಹಳ್ಳಿಯ ಹೆಂಗಸರು ಕಲಿತರು. 1992ರ ಮಹಿಳಾ ದಿನದಂದು ಸಾವಿರದೈನೂರಕ್ಕೂ ಹೆಚ್ಚು ಹೆಂಗಸರು ಬೆಲ್ಲು ಬಾರಿಸುತ್ತಾ ಊರ ಬೀದಿಗಿಳಿದರಂತೆ. ಪತ್ರಕರ್ತ ಪಿ. ಸಾಯಿನಾಥ್ ಅದನ್ನು ಬರೆದಿದ್ದಾರೆ. ಅಂಗಡಿಗಳಲ್ಲಿ ಲೇಡೀಸ್ ಸೈಕಲ್ ಮುಗಿದುಹೋಗಿ ಹೆಂಗಸರು ಗಂಡಸರ ಸೈಕಲ್ಲನ್ನೇ ಕೊಂಡರು, ಕೆಲವರು ಬಾರಿನ ಮೇಲೆ ಮಗು ಕೂರಿಸಿಕೊಳ್ಳಬಹುದು ಅಂತ ಅದನ್ನೇ ಇಷ್ಟಪಟ್ಟರು ಅನ್ನುವ ವಿವರ ಓದಿ ನನಗೆ ಕಣ್ಣು ತುಂಬಿ ಬಂದಿತ್ತು. ಅಲ್ಲಿ ಕಲಿತವರು ಒಬ್ಬೊಬ್ಬರಾಗಿ ಕಲಿಯಲಿಲ್ಲ, ಒಬ್ಬರಿಗೊಬ್ಬರು ಹಿಡಿದುಕೊಂಡು ಕಲಿತರು. ನಮ್ಮ ಶಾಲೆಯಲ್ಲಿ ನಾವು ಸೈಕಲ್ ಕೊಟ್ಟೆವು, ಬಿಲ್ಲಿಗೆ ಸಹಿ ಹಾಕಿಸಿಕೊಂಡೆವು, ಕಲಿಸುವ ಕೆಲಸ ಯಾರದು ಅಂತ ಕೇಳಿಕೊಳ್ಳಲಿಲ್ಲ.

ಮತ್ತೆ ನನ್ನ ವಿಷಯಕ್ಕೆ ಬರುತ್ತೇನೆ. ನಾನು ಮೈಸೂರಿಗೆ ಬಂದ ಮೇಲೆ, 2017ರಲ್ಲಿ, ಇಲ್ಲಿ 'ಟ್ರಿಣ್ ಟ್ರಿಣ್' ಅನ್ನುವ ಹೆಸರಿನಲ್ಲಿ ಸಾರ್ವಜನಿಕ ಸೈಕಲ್‌ಗಳು ಬಂದವು. 450 ಸೈಕಲ್ಲು, ಊರ ತುಂಬ ನಿಲ್ದಾಣ. ಹೆಸರು ಕೇಳಿಯೇ ಇಷ್ಟವಾಗಿತ್ತು. ಒಂದು ನಿಲ್ದಾಣದ ಪಕ್ಕ ದಿನಾ ಹಾದು ಹೋಗುವಾಗ ಒಂದು ಹ್ಯಾಂಡಲನ್ನು ಮುಟ್ಟಿ ಹೋಗುತ್ತಿದ್ದೆ, ದೇವಸ್ಥಾನದ ಹೊಸ್ತಿಲು ಮುಟ್ಟಿದ ಹಾಗೆ. ಹತ್ತಲಿಲ್ಲ.

ಹತ್ತಿಸಿದ್ದು ಮೂರು ವರ್ಷದ ಒಂದು ಮಗು. ಬೆಂಗಳೂರಿನಲ್ಲಿ ಅಕ್ಕನ ಮೊಮ್ಮಗನಿಗೆ ಒಂದು ಪುಟ್ಟ ಸೈಕಲ್ ತಂದಿದ್ದರು. ಅದಕ್ಕೆ ಪೆಡಲೂ ಇಲ್ಲ, ಚೈನೂ ಇಲ್ಲ. ಮಗು ಕೂತು ಎರಡೂ ಕಾಲಿನಿಂದ ನೆಲ ಒದ್ದುಕೊಂಡು ಹೋಗುತ್ತಿತ್ತು. ಅಪಾರ್ಟ್‌ಮೆಂಟಿನ ಗೇಟಿನ ಇಳಿಜಾರು ಬಂದಾಗ ಸುಮ್ಮನೆ ಎರಡೂ ಕಾಲೆತ್ತಿತು. ಜಾರಿಕೊಂಡು ಹೋಯಿತು. ವೇಗ ಹೆಚ್ಚಾಯಿತು ಅನ್ನಿಸಿದಾಗ ಕಾಲು ಕೆಳಗಿಟ್ಟಿತು, ನಿಂತಿತು. ನಾನು ಮೆಟ್ಟಿಲ ಮೇಲೆ ಕೂತು ನೋಡುತ್ತಲೇ ಇದ್ದೆ. ಈ ಮಗುವಿಗೆ ನೆಲ ಕೈಕೊಟ್ಟಿಲ್ಲ. ಬೇಕೆಂದಾಗ ಇದೆ, ಬೇಡವೆಂದಾಗ ಬಿಡಬಹುದು. ನನಗೆ ಬೇಕಾಗಿದ್ದದ್ದು ಧೈರ್ಯವಲ್ಲ, ಇದು, ಅಂತ ಆವತ್ತು ಹೊಳೆಯಿತು.

ಮೈಸೂರಿಗೆ ಬಂದವಳೇ ನಮ್ಮ ಬಡಾವಣೆಯ ಸೈಕಲ್ ಶಾಪಿಗೆ ಹೋದೆ. ಯಜಮಾನರಿಗೆ ಅರವತ್ತು ದಾಟಿದೆ. ಒಂದು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲೇಳುತ್ತದೆ ಅಂತ ನೋಡುತ್ತಿದ್ದರು. "ದೊಡ್ಡವರಿಗೆ ಪೆಡಲಿಲ್ಲದ ಸೈಕಲ್ ಸಿಗುತ್ತಾ?" ಅಂತ ಕೇಳಿದೆ. ಯಾಕೆ ಅಂದರು. ಹೇಳಿದೆ, ಏರಿಯ ಕತೆಯನ್ನೂ. ಅವರು ನಗಲಿಲ್ಲ. ಕೈ ಒರೆಸಿಕೊಂಡು ಮೂಲೆಯಲ್ಲಿದ್ದ ಒಂದು ಹಳೆಯ ಲೇಡೀಸ್ ಸೈಕಲ್ ಎಳೆದು, ಸೀಟನ್ನು ತೀರಾ ಕೆಳಕ್ಕೆ ಇಳಿಸಿ, "ಕೂತ್ಕೊಳ್ಳಿ ಅಮ್ಮ" ಅಂದರು. ಎರಡೂ ಪಾದ ಪೂರ್ತಿ ನೆಲಕ್ಕೆ ಕೂತವು. "ಮೊದಲು ಕಾಲು ನೆಲಕ್ಕೆ ಸಿಗಬೇಕು. ಮಿಕ್ಕಿದ್ದು ಆಮೇಲೆ" ಅಂದು 15 ನಂಬರಿನ ಸ್ಪ್ಯಾನರ್ ತೆಗೆದುಕೊಂಡರು. ಬಲಗಡೆಯ ಪೆಡಲು ಮಾಮೂಲಿ ಥರ ಬಿಚ್ಚಿತು. ಎಡಗಡೆಯದಕ್ಕೆ ಉಲ್ಟಾ ತಿರುಗಿಸಬೇಕು, ಅದರ ಮರೆಯೇ ಉಲ್ಟಾ. ಇಲ್ಲದಿದ್ದರೆ ತುಳಿಯುತ್ತಾ ತುಳಿಯುತ್ತಾ ತಾನೇ ಸಡಿಲವಾಗಿ ಕಳಚಿಬೀಳುತ್ತದೆ. ಅಷ್ಟು ಸಣ್ಣ ಜಾಗದಲ್ಲೂ ಯಾರೋ ಬೀಳುವವರ ಬಗ್ಗೆ ಯೋಚಿಸಿದ್ದಾರೆ ನೋಡಿ.

ಆಮೇಲೆ ಓದಿಕೊಂಡಾಗ ತಿಳಿಯಿತು, ಆ ಯಜಮಾನರು ನನಗೆ ಕೊಟ್ಟದ್ದು ಲೋಕದ ಮೊದಲನೆಯ ಸೈಕಲ್ಲನ್ನೇ. 1817ರ ಜೂನ್ 12ರಂದು ಜರ್ಮನಿಯ ಮಾನ್‌ಹೈಮ್ ಊರಿನಲ್ಲಿ ಕಾರ್ಲ್ ಫಾನ್ ಡ್ರೈಸ್ ಅನ್ನುವ ಅರಣ್ಯಾಧಿಕಾರಿ ತಾನು ಮಾಡಿಸಿದ ಮರದ ಎರಡು ಚಕ್ರದ ಗಾಡಿಯ ಮೇಲೆ ಕೂತು ಹೊರಟ. ಪೆಡಲಿಲ್ಲ. ನೆಲ ಒದ್ದುಕೊಂಡೇ ಸುಮಾರು ಏಳು ಕಿಲೋಮೀಟರು ಹೋಗಿ, ಒಂದು ಗಂಟೆಯ ಆಸುಪಾಸಿನಲ್ಲಿ ವಾಪಸು ಬಂದ. ಎರಡೇ ಚಕ್ರದ ಮೇಲೆ ಮನುಷ್ಯ ಆಯ ತಪ್ಪದೆ ಹೋಗಬಲ್ಲ ಅಂತ ಜನಕ್ಕೆ ತಿಳಿದದ್ದು ಹಾಗೆ. ಪೆಡಲು ಬಂದದ್ದು 1860ರ ದಶಕದಲ್ಲಿ, ಪ್ಯಾರಿಸ್ಸಿನಲ್ಲಿ. ನಡುವೆ ಹತ್ತಿರ ಹತ್ತಿರ ಐವತ್ತು ವರ್ಷ. ಅಂದರೆ ಆಯ ಮೊದಲು, ತುಳಿಯುವುದು ಆಮೇಲೆ. ನಮ್ಮೂರ ಏರಿಯ ಮೇಲೆ ಎರಡನ್ನೂ ಒಂದೇ ದಿನ, ಅದೂ ನೆಲಕ್ಕೆ ಕಾಲು ಸಿಗದ ಎತ್ತರದಲ್ಲಿ ಕಲಿಸಲು ಹೊರಟಿದ್ದರು.

ಎತ್ತರದ್ದೂ ಒಂದು ಕತೆಯಿದೆ. ಪೆಡಲನ್ನು ನೇರ ಮುಂದಿನ ಚಕ್ರಕ್ಕೇ ಜೋಡಿಸಿದ್ದರಿಂದ ಒಂದು ಸುತ್ತು ತುಳಿದರೆ ಚಕ್ರ ಒಂದೇ ಸುತ್ತು ಉರುಳುತ್ತಿತ್ತು. ಹೆಚ್ಚು ದೂರ ಹೋಗಬೇಕಾದರೆ ಚಕ್ರವೇ ದೊಡ್ಡದಾಗಬೇಕು. ಹಾಗೆ ಬೆಳೆಸುತ್ತಾ ಬೆಳೆಸುತ್ತಾ 1870ರ ದಶಕದಲ್ಲಿ ಮುಂದಿನ ಚಕ್ರ ಆಳೆತ್ತರದ ಹತ್ತಿರಕ್ಕೆ ಬಂತು, ಸವಾರ ಅದರ ನೆತ್ತಿಯ ಮೇಲೆ. ಚಕ್ರ ಒಂದು ಕಲ್ಲಿಗೆ ತಗುಲಿದರೆ ತಲೆಕೆಳಗಾಗಿ ಮುಂದಕ್ಕೆ ಬೀಳುವುದೇ. ಗಟ್ಟಿ ಮೈಯ ಹುಡುಗರು ಮಾತ್ರ ಅದನ್ನು ಏರಿದರು. ಹೆಂಗಸರು, ವಯಸ್ಸಾದವರು, ಹೆದರುವವರು ದೂರ ನಿಂತು ನೋಡಿದರು. 1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಚೈನಿನಿಂದ ಹಿಂದಿನ ಚಕ್ರ ತಿರುಗಿಸುವ, ಕಾಲಿಗೆ ನೆಲ ಸಿಗುವ ಸೈಕಲ್ ಮಾರಾಟಕ್ಕೆ ತಂದರು. ಅದಕ್ಕೆ ಬಿದ್ದ ಹೆಸರೇ 'ಸೇಫ್ಟಿ'. 1888ರಲ್ಲಿ ಡನ್‌ಲಪ್ ಅವರ ಗಾಳಿ ತುಂಬಿದ ಟೈರೂ ಬಂದ ಮೇಲೆ ಎತ್ತರದ ಸೈಕಲ್ ಕಾಣೆಯಾಯಿತು. ಈಗ ನಾವೆಲ್ಲ ತುಳಿಯುತ್ತಿರುವುದು ಸೇಫ್ಟಿಯ ಸಂತಾನವನ್ನೇ. ಸೈಕಲ್ಲಿಗೆ ಇವತ್ತಿನ ಆಕಾರ ಕೊಟ್ಟದ್ದರಲ್ಲಿ ಹೆದರಿದವರ ಪಾಲು ದೊಡ್ಡದು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಭಯವನ್ನು ಹೇಡಿತನ ಅಂತ ತಳ್ಳಿಹಾಕದೆ, ಅದು ಏನು ಕೇಳುತ್ತಿದೆ ಅಂತ ಯಾರೋ ಕಿವಿಗೊಟ್ಟಿದ್ದರಿಂದ ಆದ ಕೆಲಸ ಅದು.

ನಾನು ಕಲಿತದ್ದು ಬಡಾವಣೆಯ ಮೈದಾನದಲ್ಲಿ, ಬೆಳಿಗ್ಗೆ ಐದೂವರೆಗೆ. ಮೊದಲನೆಯ ವಾರ ಸೀಟಿನ ಮೇಲೆ ಕೂತು ನಡೆದೆ, ಅಷ್ಟೆ. ಬ್ರೇಕು ಹಿಡಿಯುವುದು, ಬಿಡುವುದು, ಇಳಿಯುವುದು. ಯಜಮಾನರು ಅಂಗಡಿ ತೆರೆಯುವ ಮೊದಲು ಬಂದು ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದರು. ಒಂದು ಸಲವೂ ಕ್ಯಾರಿಯರ್ ಹಿಡಿಯಲಿಲ್ಲ. "ಹಿಡ್ಕೊಂಡ್ರೆ ಬಿಡ್ಬೇಕಾಗ್ತದೆ ಅಮ್ಮ" ಅಂದರು. ಎರಡನೆಯ ವಾರ ಮೈದಾನದ ಪಡುವಣ ಮೂಲೆಯ ಸಣ್ಣ ಇಳಿಜಾರಿನಲ್ಲಿ ಕಾಲೆತ್ತಿದೆ. ಒಂದು ಎಣಿಸುವಷ್ಟು ಹೊತ್ತು, ಮರುದಿನ ಮೂರು, ಆಮೇಲೆ ಹತ್ತು. ಹತ್ತು ಎಣಿಸುವ ತನಕ ಕಾಲು ಗಾಳಿಯಲ್ಲಿದ್ದದ್ದು, ಇಬ್ಬನಿಯ ಹುಲ್ಲಿನ ಮೇಲೆ ಟೈರು ಹೋದ ಆ ಸಣ್ಣ ಸದ್ದು, ಅದರ ಸುಖವನ್ನು ಹೇಗೆ ಹೇಳಲಿ!

ಒಂದು ವಿಷಯ ಅವರು ಹೇಳಿದ್ದು ನನಗೆ ಒಪ್ಪಿಗೆಯಾಗಲು ದಿನ ಹಿಡಿಯಿತು. "ಯಾವ ಕಡೆಗೆ ಬೀಳ್ತೀರಿ ಅನ್ಸುತ್ತೋ ಆ ಕಡೆಗೇ ಹ್ಯಾಂಡಲ್ ತಿರುಗಿಸಿ." ಬೀಳುವ ಕಡೆಗೆ ಯಾರಾದರೂ ತಿರುಗುತ್ತಾರೆಯೇ? ಮನಸ್ಸು ಇನ್ನೊಂದು ಕಡೆಗೇ ಎಳೆಯುತ್ತದೆ. ಆದರೆ ಅಂಗೈ ಮೇಲೆ ಕೋಲು ನಿಲ್ಲಿಸುವ ಆಟ ನೆನಪು ಮಾಡಿಕೊಳ್ಳಿ. ಕೋಲು ಬಲಕ್ಕೆ ವಾಲಿದರೆ ಅಂಗೈಯೂ ಬಲಕ್ಕೇ ಹೋಗಬೇಕು, ಆಗಲೇ ಅದು ನಿಲ್ಲುವುದು. ಸೈಕಲ್ಲೂ ಹಾಗೆ. ವಾಲಿದ ಕಡೆಗೆ ಮುಂದಿನ ಚಕ್ರ ತಿರುಗಿದರೆ ಚಕ್ರಗಳು ಮೈಭಾರದ ಅಡಿಗೆ ಬಂದು ಸೇರುತ್ತವೆ. ಕೊಂಚ ವೇಗವಿದ್ದರೆ ಸೈಕಲ್ ತಾನಾಗಿಯೇ ಇದನ್ನು ಮಾಡಿಕೊಳ್ಳುತ್ತದೆ. ಯಾಕೆ ಅನ್ನುವುದಕ್ಕೆ ವಿಜ್ಞಾನಿಗಳೇ ಬಹಳ ತಲೆಕೆಡಿಸಿಕೊಂಡಿದ್ದಾರೆ. 1970ರಲ್ಲಿ ಡೇವಿಡ್ ಜೋನ್ಸ್ ಅನ್ನುವ ಬ್ರಿಟಿಷ್ ವಿಜ್ಞಾನಿ ಯಾರಿಂದಲೂ ಹೊಡೆಯಲಾಗದ ಸೈಕಲ್ ಮಾಡಿ ನೋಡೋಣ ಅಂತ ಹೊರಟು, ಸುತ್ತುವ ಚಕ್ರದ ಬಲವನ್ನೇ ಅಳಿಸಿಹಾಕಲು ಪಕ್ಕದಲ್ಲಿ ಉಲ್ಟಾ ಸುತ್ತುವ ಇನ್ನೊಂದು ಚಕ್ರ ಕಟ್ಟಿದರು. ಆದರೂ ಅದನ್ನು ಹೊಡೆಯಲು ಬಂತು. ಚಕ್ರ ಸುತ್ತುವ ಬಲ, ಮುಂದಿನ ಫೋರ್ಕಿನ ಓರೆ ಕೊಡುವ ಅನುಕೂಲ, ಇವೆರಡೂ ಇಲ್ಲದೆಯೂ ಸೈಕಲ್ ತಾನೇ ನೆಟ್ಟಗೆ ಹೋಗಬಲ್ಲದು ಅಂತ 2011ರಲ್ಲಿ ಇನ್ನೊಂದು ತಂಡ ಮಾಡಿ ತೋರಿಸಿತು. ನನಗೆ ಇದರಲ್ಲಿ ಬೇಕಾದದ್ದು ಇಷ್ಟು: ಭಯ ನಿಧಾನ ಮಾಡು ಅನ್ನುತ್ತದೆ, ತೀರಾ ನಿಧಾನವಾದರೆ ಬೀಳುತ್ತೇವೆ. ಕಾಲಿಗೆ ನೆಲ ಸಿಗುತ್ತದೆ ಅಂತ ಗೊತ್ತಿದ್ದವರಿಗೆ ಮಾತ್ರ ಕೊಂಚ ಜೋರಾಗಿ ಹೋಗುವ ಮನಸ್ಸು ಬರುತ್ತದೆ.

ನಾಲ್ಕನೆಯ ವಾರ ಪೆಡಲು ಹಾಕಿದರು. ಐದು ನಿಮಿಷ ಕಾಲು ತಡವರಿಸಿತು. ಆರನೆಯ ನಿಮಿಷಕ್ಕೆ ಮೈದಾನದ ಒಂದು ಸುತ್ತು ಮುಗಿದಿತ್ತು.

ಆವತ್ತು ಸಂಜೆ ದೊಡ್ಡಮ್ಮನ ಮಗನಿಗೆ ಫೋನ್ ಮಾಡಿದೆ. ಸೈಕಲ್ ಕಲಿತೆ ಅಂದೆ. ಆ ಕಡೆ ಬಹಳ ಹೊತ್ತು ಮಾತಿಲ್ಲ. ಆಮೇಲೆ, "ಆವತ್ತು ನಾನು ಕೈ ಬಿಡಬಾರದಿತ್ತು ಕಣೇ" ಅಂದ. ಅವನೂ ನಲವತ್ತೆರಡು ವರ್ಷ ಅದನ್ನು ಹೊತ್ತುಕೊಂಡಿದ್ದಾನೆ ಅಂತ ನನಗೆ ಗೊತ್ತೇ ಇರಲಿಲ್ಲ. "ಕೈ ಬಿಟ್ಟದ್ದರಲ್ಲಿ ತಪ್ಪಿಲ್ಲ ಅಣ್ಣ, ಸೀಟು ಎತ್ತರ ಇತ್ತು" ಅಂದೆ.

ತಡವಾಗಿ ಕಲಿತ ದೊಡ್ಡವರನ್ನು ನಾನೀಗ ಪ್ರೀತಿಯಿಂದ ಹುಡುಕಿ ಓದುತ್ತೇನೆ. ಟಾಲ್‌ಸ್ಟಾಯ್ ಕಲಿತದ್ದು 1895ರಲ್ಲಿ, ಅವರ 67ನೇ ವರ್ಷದಲ್ಲಿ. ಆ ಫೆಬ್ರುವರಿಯಲ್ಲಿ ಅವರ ಕೊನೆಯ ಮಗ ವಾನ್ಯ ಏಳು ತುಂಬುವ ಮೊದಲೇ ತೀರಿಕೊಂಡಿದ್ದ. ಅಷ್ಟು ದುಃಖ ಹೊತ್ತ ಮುದುಕ ಸೈಕಲ್ ಏರಿದ್ದನ್ನು ನೆನೆದಾಗೆಲ್ಲ ಮನಸ್ಸು ಮೆತ್ತಗಾಗುತ್ತದೆ. ಅಮೆರಿಕದ ಫ್ರಾನ್ಸಿಸ್ ವಿಲ್ಲರ್ಡ್, ಹೆಂಗಸರ ಮತದಾನದ ಹಕ್ಕಿಗಾಗಿ ದುಡಿದವರು, 53ನೇ ವಯಸ್ಸಿನಲ್ಲಿ ಕಲಿತು, ಅದರ ಬಗ್ಗೆ 1895ರಲ್ಲಿ ಒಂದು ಪುಸ್ತಕವನ್ನೇ ಬರೆದರು. ದಿನಕ್ಕೆ ಕಾಲು ಗಂಟೆಯಂತೆ ಮೂರು ತಿಂಗಳು. ಮೊದಲು ತುಳಿಯುವುದು, ಆಮೇಲೆ ತಿರುಗಿಸುವುದು, ಮೂರನೆಯದು ಇಳಿಯುವುದು, ಕೊನೆಯದಾಗಿ ಹತ್ತುವುದು. ಹತ್ತುವುದಕ್ಕಿಂತ ಮೊದಲು ಇಳಿಯುವುದನ್ನು ಕಲಿತರು ಅಂತ ಓದಿ ನನಗೆ ಸ್ನೇಹಿತೆಯೊಬ್ಬಳು ಸಿಕ್ಕಿದಂತಾಯಿತು.

ಆ ಹಳ್ಳಿಯ ಹುಡುಗಿಯ ಸೀಟನ್ನು ಒಂದು ಸಲ ಇಳಿಸಿ ಕೊಟ್ಟಿದ್ದರೆ ಆಗುತ್ತಿತ್ತು. ಹತ್ತು ನಿಮಿಷದ ಕೆಲಸ. ಅವಳಿಗೀಗ ಮೂವತ್ತು ದಾಟಿರಬೇಕು.

ಯಜಮಾನರು ಒಂದು ಸ್ಪ್ಯಾನರ್ ನನಗೇ ಕೊಟ್ಟುಬಿಟ್ಟರು. ಈಗ ಭಾನುವಾರ ಬೆಳಿಗ್ಗೆ ಅವರ ಆ ಹಳೆಯ ಲೇಡೀಸ್ ಸೈಕಲ್ ಮೈದಾನದಲ್ಲಿರುತ್ತದೆ. ಹಿಂದಿನ ಬೀದಿಯ ಅಜ್ಜಿಯೊಬ್ಬರು, 64 ವಯಸ್ಸು, ಮೂರು ವಾರದಿಂದ ಬರುತ್ತಿದ್ದಾರೆ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಎರಡೂ ಕಾಲಿನಿಂದ ನೆಲ ಒದ್ದು ಹೋಗುತ್ತಾರೆ, ಇಳಿಜಾರು ಬಂದಾಗ ಕಾಲೆತ್ತುತ್ತಾರೆ. ನಾನು ಕಲ್ಲುಬೆಂಚಿನ ಮೇಲೆ ಕೂತು ಎಣಿಸುತ್ತೇನೆ. ಕಳೆದ ವಾರ ಏಳರ ತನಕ ಬಂದಿತ್ತು. ಪೆಡಲು ಎರಡೂ ನನ್ನ ಕೈಚೀಲದಲ್ಲೇ ಇವೆ. ಅವರಾಗಿಯೇ ಕೇಳುವ ತನಕ ಹಾಕುವುದಿಲ್ಲ.